ಝೋನ್ ಅಳತೆ ತಪ್ಪಿದಾಗ: ಕರಾವಳಿ ಮತ್ತು ಘಟ್ಟದ ಮೇಲಿನ ಲ್ಯಾಬುಗಳಿಗೆ ಡಿಸ್ಕ್ ಪರೀಕ್ಷೆಯ ದೋಷ ನಿವಾರಣಾ ಕೈಪಿಡಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ, ಸಣ್ಣ ಮತ್ತು ಮಧ್ಯಮ ಲ್ಯಾಬುಗಳಿಗೆ ಬ್ಯಾಕ್ಟೀರಿಯಾದ ಔಷಧ ನಿರೋಧ ತಿಳಿಯಲು ಕೈಗೆಟುಕುವ ವಿಧಾನ ಎಂದರೆ ಕರ್ಬಿ–ಬಾಯರ್ ಡಿಸ್ಕ್ ಪರೀಕ್ಷೆ: ಅಗರ್ ಎಂಬ ಜೆಲ್ಲಿಯಂಥ ಮಾಧ್ಯಮದ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹರಡಿ, ಔಷಧ ಹೀರಿಸಿದ ಚಿಕ್ಕ ಕಾಗದದ ಬಿಲ್ಲೆಗಳನ್ನು (ಡಿಸ್ಕ್) ಇಟ್ಟು ಬೆಳೆಯಲು ಬಿಡುವುದು. 1966ರಲ್ಲಿ ಬಾಯರ್, ಕರ್ಬಿ, ಶೆರಿಸ್ ಮತ್ತು ಟರ್ಕ್ ಇದನ್ನು ಒಂದು ಕ್ರಮಕ್ಕೆ ತಂದರು. ಅಗರಿನ ದಪ್ಪ, ಬ್ಯಾಕ್ಟೀರಿಯಾದ ಪ್ರಮಾಣ, ಡಿಸ್ಕಿನ ಔಷಧ, ಶಾಖ, ಹೊತ್ತು ಎಲ್ಲವನ್ನೂ ಕಟ್ಟಿಹಾಕಿದರೆ ಬದಲಾಗಲು ಉಳಿಯುವುದು ಬ್ಯಾಕ್ಟೀರಿಯಾ ಒಂದೇ. ಆಗ ಮಾತ್ರ ಡಿಸ್ಕಿನ ಸುತ್ತ ಬೆಳವಣಿಗೆ ಇಲ್ಲದ ವೃತ್ತದ, ಅಂದರೆ ಝೋನಿನ, ಮಿಲಿಮೀಟರಿಗೆ ಅರ್ಥ ಇರುತ್ತದೆ. ಕಟ್ಟಿದ ಗಂಟುಗಳಲ್ಲಿ ಒಂದು ಸಡಿಲವಾದರೂ ವೃತ್ತವೇನೋ ಬರುತ್ತದೆ, ಅಳೆಯಲೂ ಆಗುತ್ತದೆ, ಆದರೆ ರಿಪೋರ್ಟು ಸುಳ್ಳಾಗುತ್ತದೆ.

ಯಾವ ಗಂಟು ಸಡಿಲವಾಗಿದೆ ಎಂದು ಕಂಡುಹಿಡಿಯುವ ದಾರಿ ಇಲ್ಲಿದೆ. ಝೋನ್ ತಪ್ಪಿದ ಕೂಡಲೇ ಹೆಚ್ಚಿನವರು ಡಿಸ್ಕ್ ಕಂಪನಿಯನ್ನು ಬೈದು ಹೊಸ ಡಬ್ಬಿ ತರಿಸುತ್ತಾರೆ. ಡಿಸ್ಕ್ ಕೆಡುವುದಿಲ್ಲವೆಂದಲ್ಲ. ಆದರೆ ಡಿಸ್ಕ್ ಕೆಟ್ಟಾಗ ಕಾಣುವ ಚಿತ್ರವೇ ಬೇರೆ. ಎಲ್ಲ ಔಷಧಗಳ ಝೋನ್ ಒಟ್ಟಿಗೆ ಸರಿದಿದೆಯೋ, ಒಂದು ಗುಂಪಿನದ್ದು ಮಾತ್ರವೋ, ಒಂದೇ ಔಷಧದ್ದೋ ಎಂಬ ಪ್ರಶ್ನೆಯನ್ನು ಮೊದಲು ಕೇಳಿದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮೊದಲು ಕಂಟ್ರೋಲ್ ಸ್ಟ್ರೇನ್

ರೋಗಿಯ ಪ್ಲೇಟಿನ ಮೇಲೆ ಅನುಮಾನ ಬಂದರೆ ಆ ಪ್ಲೇಟನ್ನೇ ಹಿಡಿದು ಕೂರಬೇಡಿ. ಆ ಬ್ಯಾಕ್ಟೀರಿಯಾಕ್ಕೆ ಎಷ್ಟು ಝೋನ್ ಬರಬೇಕಿತ್ತು ಎಂದು ಹೇಳುವವರು ಯಾರೂ ಇಲ್ಲ. ಎಷ್ಟು ಬರಬೇಕೆಂದು ಗೊತ್ತಿರುವುದು ಕಂಟ್ರೋಲ್ ಸ್ಟ್ರೇನಿಗೆ, ಅಂದರೆ ಹೋಲಿಕೆಗೆಂದೇ ಇಟ್ಟುಕೊಂಡ ಗುರುತಿನ ತಳಿಗೆ, ಮಾತ್ರ. ಅದೇ ಬ್ಯಾಚ್ ಅಗರ್, ಅದೇ ಡಬ್ಬಿಯ ಡಿಸ್ಕ್, ಅದೇ ಇನ್‌ಕ್ಯುಬೇಟರ್ ಬಳಸಿ ಕಂಟ್ರೋಲ್ ಹಾಕಿ. ಲ್ಯಾಬ್ ಪರೀಕ್ಷೆಗಳ ಮಾನದಂಡ ಹೊರಡಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐಯ ಪಟ್ಟಿಯ ಪ್ರಕಾರ ದಿನಬಳಕೆಗೆ ಬೇಕಾಗುವ ಕೆಲವು ಅಳತೆಗಳು, ಮಿಲಿಮೀಟರಿನಲ್ಲಿ:

ಇ. ಕೋಲೈ ಎಟಿಸಿಸಿ 25922 (ಎಟಿಸಿಸಿ ಎಂದರೆ ತಳಿಗಳ ಸಂಗ್ರಹಾಲಯ, ಅಂಕಿ ಅಲ್ಲಿನ ತಳಿ ಸಂಖ್ಯೆ): ಆಂಪಿಸಿಲಿನ್ 10 ಮೈಕ್ರೋಗ್ರಾಂ 15–22, ಜೆಂಟಾಮೈಸಿನ್ 10 ಮೈಕ್ರೋಗ್ರಾಂ 19–26, ಸೆಫೊಟ್ಯಾಕ್ಸಿಮ್ 30 ಮೈಕ್ರೋಗ್ರಾಂ 29–35, ಸಿಪ್ರೊಫ್ಲಾಕ್ಸಾಸಿನ್ 5 ಮೈಕ್ರೋಗ್ರಾಂ 29–38, ಇಮಿಪೆನೆಮ್ 10 ಮೈಕ್ರೋಗ್ರಾಂ 26–32, ಟೆಟ್ರಾಸೈಕ್ಲಿನ್ 30 ಮೈಕ್ರೋಗ್ರಾಂ 18–25, ಕೋಟ್ರೈಮೊಕ್ಸಜೋಲ್ 23–29.

ಸ್ಟೆಫೈಲೊಕಾಕಸ್ ಆರಿಯಸ್ ಎಟಿಸಿಸಿ 25923: ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ 23–29, ಎರಿಥ್ರೊಮೈಸಿನ್ 15 ಮೈಕ್ರೋಗ್ರಾಂ 22–30, ಕ್ಲಿಂಡಾಮೈಸಿನ್ 2 ಮೈಕ್ರೋಗ್ರಾಂ 24–30.

ಸ್ಯೂಡೊಮೊನಾಸ್ ಎರುಜಿನೋಸ ಎಟಿಸಿಸಿ 27853: ಜೆಂಟಾಮೈಸಿನ್ 17–23, ಸಿಪ್ರೊಫ್ಲಾಕ್ಸಾಸಿನ್ 25–33.

ಈ ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ. ಗೋಡೆಗೆ ಅಂಟಿಸಿದ ಹಳೇ ಚಾರ್ಟಿನಲ್ಲಿ ಇ. ಕೋಲೈಗೆ ಸಿಪ್ರೊ 30–40 ಎಂದಿದ್ದರೆ ಅದು ಕಾಲ ಮುಗಿದ ಚಾರ್ಟು. ಆ ಚಾರ್ಟ್ ನೋಡಿ 29ನ್ನು ತಪ್ಪು ಎಂದು ಬರೆದರೆ ದೋಷ ಪರೀಕ್ಷೆಯಲ್ಲಿಲ್ಲ, ಗೋಡೆಯ ಮೇಲಿದೆ.

ಕಂಟ್ರೋಲ್ ಸ್ಟ್ರೇನಿನ ಆರೈಕೆಯೂ ಮುಖ್ಯ. ಮೂಲ ಸ್ಟಾಕ್ ಮೈನಸ್ 70 ಡಿಗ್ರಿಯಲ್ಲಿ ಅಥವಾ ಒಣಗಿಸಿದ ಆಂಪೂಲಿನಲ್ಲಿ ಇರಬೇಕು. ಅದರಿಂದ ತೆಗೆದ ಕಲ್ಚರನ್ನು ವಾರಕ್ಕೊಮ್ಮೆ ಹೊಸ ಸ್ಲಾಂಟಿಗೆ (ಅಗರನ್ನು ಓರೆಯಾಗಿ ಗಟ್ಟಿಯಾಗಿಸಿದ ಟ್ಯೂಬಿಗೆ) ಬದಲಿಸಿ, ತಿಂಗಳಿಗೊಮ್ಮೆ ಮತ್ತೆ ಮೂಲ ಸ್ಟಾಕಿನಿಂದಲೇ ಶುರುಮಾಡಿ. ವರ್ಷಗಟ್ಟಲೆ ಸ್ಲಾಂಟಿನಿಂದ ಸ್ಲಾಂಟಿಗೆ ದಾಟಿಸಿಕೊಂಡು ಬಂದ ಸ್ಟ್ರೇನ್ ಹೇಳುವ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಇನ್ನು ರಿಜಿಸ್ಟರ್ ತೆಗೆದು ಹಿಂದಿನ ಒಂದು ತಿಂಗಳ ಅಂಕಿಗಳ ಮೇಲೆ ಕಣ್ಣಾಡಿಸಿ. ಒಂದೇ ದಿನ ಹೊರಗೆ ಹೋಗಿದ್ದರೆ ಕೈತಪ್ಪು ಇರಬಹುದು. ಮಿತಿಯೊಳಗೇ ಇದ್ದು ಜೆಂಟಾಮೈಸಿನ್ 24, 23, 22, 21, 20 ಎಂದು ಇಳಿಯುತ್ತ ಬಂದಿದ್ದರೆ ಏನೋ ನಿಧಾನಕ್ಕೆ ಕೆಡುತ್ತಿದೆ. ಹೊರಗೆ ಬೀಳುವ ತನಕ ಕಾಯಬೇಡಿ.

ಎಲ್ಲ ಝೋನ್‌ಗಳೂ ಒಟ್ಟಿಗೆ ದೊಡ್ಡದಾದರೆ

ಇದು ಅತಿ ಅಪಾಯದ ದೋಷ. ನಿರೋಧ ಇರುವ ಬ್ಯಾಕ್ಟೀರಿಯಾವನ್ನು ಸೆನ್ಸಿಟಿವ್ ಎಂದು ತೋರಿಸುತ್ತದೆ. ಕೆಲಸ ಮಾಡದ ಔಷಧ ರೋಗಿಗೆ ಹೋಗುತ್ತದೆ. ಮೊದಲ ಅನುಮಾನ ಇನಾಕ್ಯುಲಂ, ಅಂದರೆ ಪ್ಲೇಟಿಗೆ ಹಚ್ಚುವ ಬ್ಯಾಕ್ಟೀರಿಯಾದ ದ್ರವದ ಮೇಲೆ, ಎರಡನೆಯದು ಅಗರ್ ದಪ್ಪದ ಮೇಲೆ.

ಇನಾಕ್ಯುಲಂ ಮಬ್ಬು ಅಳೆಯುವ ಮ್ಯಾಕ್‌ಫರ್ಲಂಡ್ ಮಾಪಕದಲ್ಲಿ 0.5 ಇರಬೇಕು. ಇ. ಕೋಲೈಗೆ ಅದು ಮಿಲಿಲೀಟರಿಗೆ ಸುಮಾರು 10ರಿಂದ 20 ಕೋಟಿ ಜೀವಂತ ಕೋಶ. ಲಾನ್ (ಪ್ಲೇಟಿನ ತುಂಬ ಹರಡಿದ ಬೆಳವಣಿಗೆ) ಮೇಲೆ ಬಿಡಿಬಿಡಿಯಾದ ಕಾಲನಿಗಳು ಕಣ್ಣಿಗೆ ಕಂಡರೆ ಇನಾಕ್ಯುಲಂ ತೆಳು ಎಂದೇ ಅರ್ಥ. ಆ ಪ್ಲೇಟನ್ನು ಅಳೆಯದೆ ಮತ್ತೆ ಹಾಕಿ. ತೆಳುವಾಗಲು ಕಾರಣಗಳು ಮೂರು ನಾಲ್ಕು. ಮಬ್ಬು ಹೋಲಿಸಲು ಇಟ್ಟ ಸ್ಟ್ಯಾಂಡರ್ಡ್ ಟ್ಯೂಬನ್ನು ಜೋರಾಗಿ ಅಲುಗಿಸದೆ ಹೋಲಿಸಿದ್ದು ಒಂದು. ಬೇರಿಯಂ ಸಲ್ಫೇಟ್ ತಳದಲ್ಲಿ ಕೂತು ಮೇಲಿನ ದ್ರವ ತಿಳಿಯಾಗಿರುತ್ತದೆ, ಅದಕ್ಕೆ ಹೊಂದಿಸಿದರೆ ನಿಮ್ಮ ಸಸ್ಪೆನ್ಷನ್ನೂ ತಿಳಿಯಾಗುತ್ತದೆ. ಹೋಲಿಸುವ ಎರಡು ಟ್ಯೂಬುಗಳ ದಪ್ಪ ಬೇರೆಬೇರೆ ಇದ್ದದ್ದು ಇನ್ನೊಂದು. ಹಳೇ ಕಾಲನಿ ಬಳಸಿದ್ದು ಮತ್ತೊಂದು: ಸತ್ತ ಕೋಶಗಳೂ ಮಬ್ಬು ಕೊಡುತ್ತವೆ, ಆದರೆ ಬೆಳೆಯುವುದಿಲ್ಲ. ನೇರವಾಗಿ ಕಾಲನಿಯಿಂದ ಸಸ್ಪೆನ್ಷನ್ ಮಾಡುವುದಾದರೆ ಬ್ಲಡ್ ಅಗರಿನಂಥ ಆಯ್ಕೆರಹಿತ ಮಾಧ್ಯಮದಲ್ಲಿ 18ರಿಂದ 24 ಗಂಟೆ ಬೆಳೆದದ್ದನ್ನೇ ತೆಗೆದುಕೊಳ್ಳಿ.

ಸ್ಟ್ಯಾಂಡರ್ಡ್ ಹಳೆಯದಾಗಿದ್ದರೆ ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ಬೇರಿಯಂ ಕ್ಲೋರೈಡ್ ಡೈಹೈಡ್ರೇಟಿನ ಶೇ. 1.175 ದ್ರಾವಣ 0.5 ಮಿ.ಲೀ., ಶೇ. 1ರ ಗಂಧಕಾಮ್ಲ 99.5 ಮಿ.ಲೀ. ಸದಾ ಕಲಕುತ್ತ ಸೇರಿಸಿ. 625 ನ್ಯಾನೊಮೀಟರಿನಲ್ಲಿ, 1 ಸೆಂ.ಮೀ. ಕ್ಯುವೆಟ್ಟಿನಲ್ಲಿ 0.08ರಿಂದ 0.13 ಓದಬೇಕು. ಸಸ್ಪೆನ್ಷನ್ ಮಾಡುವ ಗಾತ್ರದ್ದೇ ಸ್ಕ್ರೂ ಮುಚ್ಚಳದ ಟ್ಯೂಬುಗಳಿಗೆ ಹಂಚಿ, ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿಡಿ. ತಿಂಗಳಿಗೊಮ್ಮೆ ಮತ್ತೆ ಓದಿ ನೋಡಿ. ಅಲುಗಿಸಿದಾಗ ಗರಣೆ ಗರಣೆಯಾಗಿ ಕಂಡರೆ ಬಿಸಾಡಿ.

ಅಗರ್ ದಪ್ಪ 4 ಮಿ.ಮೀ. ಇರಬೇಕು. ತೆಳುವಾದರೆ ಔಷಧ ಆಳಕ್ಕಿಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹರಡುತ್ತದೆ, ಝೋನ್ ಹಿಗ್ಗುತ್ತದೆ. "ಪ್ಲೇಟಿಗೆ 20 ಎಂ.ಎಲ್." ಎಂಬ ಬಾಯಿಲೆಕ್ಕ ನಂಬಬೇಡಿ, ಪ್ಲೇಟುಗಳ ಅಳತೆ ಒಂದೇ ಇರುವುದಿಲ್ಲ. ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 0.314ರಿಂದ ಗುಣಿಸಿದರೆ 4 ಮಿ.ಮೀ.ಗೆ ಬೇಕಾದ ಮಿಲಿಲೀಟರ್ ಸಿಗುತ್ತದೆ. ಒಳವ್ಯಾಸ 8.6 ಇರುವ ಪ್ಲಾಸ್ಟಿಕ್ ಪ್ಲೇಟಿಗೆ 23, 9.5 ಇರುವ ಗಾಜಿನ ಪ್ಲೇಟಿಗೆ 28. ಪ್ರತಿ ಬ್ಯಾಚಿನಲ್ಲಿ ಒಂದು ಪ್ಲೇಟನ್ನು ಬಲಿಕೊಡಿ: ನಡುವಿನಿಂದಲೂ ಅಂಚಿನಿಂದಲೂ ಪಟ್ಟಿ ಕತ್ತರಿಸಿ ವರ್ನಿಯರ್ ಇಟ್ಟು ಅಳೆಯಿರಿ. ಒಂದು ಕಡೆ 3, ಇನ್ನೊಂದು ಕಡೆ 5 ಬಂದರೆ ಮೇಜು ಓರೆಯಾಗಿದೆ. ಗಾರೆಯವರ ಮಟ್ಟಗೋಲು ಇಟ್ಟು ಕಾಲಿನ ಕೆಳಗೆ ಚಿಪ್ಪು ಕೊಡಿ.

ಮೂರನೆಯ ಕಾರಣ ಹೊತ್ತು. ಡಿಸ್ಕ್ ಇಟ್ಟ ಮೇಲೆ ಪ್ಲೇಟು ಮೇಜಿನ ಮೇಲೇ ಉಳಿದರೆ ಬ್ಯಾಕ್ಟೀರಿಯಾ ಬೆಳೆಯುವ ಮೊದಲೇ ಔಷಧ ದೂರ ಹೋಗಿರುತ್ತದೆ. ಸಸ್ಪೆನ್ಷನ್ ಮಾಡಿದ 15 ನಿಮಿಷದೊಳಗೆ ಸ್ವಾಬ್, ಸ್ವಾಬ್ ಮಾಡಿದ 15 ನಿಮಿಷದೊಳಗೆ ಡಿಸ್ಕ್, ಡಿಸ್ಕ್ ಇಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರ್. ಮೂವತ್ತು ಸ್ಯಾಂಪಲ್ಲುಗಳನ್ನು ಸಾಲಾಗಿಟ್ಟು ಮೊದಲು ಎಲ್ಲಕ್ಕೂ ಸ್ವಾಬ್, ಆಮೇಲೆ ಎಲ್ಲಕ್ಕೂ ಡಿಸ್ಕ್ ಎಂಬ ಪದ್ಧತಿ ಇರುವಲ್ಲಿ ಈ ನಿಯಮ ದಿನವೂ ಮುರಿಯುತ್ತದೆ. ಐದೈದರ ಗುಂಪು ಮಾಡಿಕೊಳ್ಳಿ.

ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿದ್ದರೂ ಹೀಗೇ ಆಗುತ್ತದೆ: ಬೆಳವಣಿಗೆ ನಿಧಾನ, ಝೋನ್ ದೊಡ್ಡದು. ಮಳೆಗಾಲದಲ್ಲಿ ಘಟ್ಟದ ಲೈನಿನ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸದೇನಲ್ಲ. ಒಳಗೆ ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಇದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ. ಶಾಖ 33 ಡಿಗ್ರಿಗಿಂತ ಕೆಳಗೆ ಬಹಳ ಹೊತ್ತು ಇದ್ದದ್ದು ಕಂಡರೆ "ಇನ್ನೆರಡು ಗಂಟೆ ಇಟ್ಟರೆ ಸರಿಹೋಗುತ್ತದೆ" ಎಂಬ ಲೆಕ್ಕ ಹಾಕಬೇಡಿ. ಔಷಧ ಆಗಲೇ ಹರಡಿಯಾಗಿದೆ. ಪೂರ್ತಿ ಮತ್ತೆ ಹಾಕಿ.

ಎಲ್ಲವೂ ಒಟ್ಟಿಗೆ ಚಿಕ್ಕದಾದರೆ

ಮೇಲಿನದ್ದೇ ತಿರುವು ಮುರುವು: ದಟ್ಟ ಇನಾಕ್ಯುಲಂ, ದಪ್ಪ ಅಗರ್, ಸ್ವಾಬ್ ಮಾಡಿ ಡಿಸ್ಕ್ ಇಡಲು ತಡ. ಸ್ವಾಬನ್ನು ಟ್ಯೂಬಿನ ಒಳಗೋಡೆಗೆ, ದ್ರವದ ಮಟ್ಟಕ್ಕಿಂತ ಮೇಲೆ, ಒತ್ತಿ ತಿರುಗಿಸಿ ಹಿಂಡದಿದ್ದರೆ 0.5 ಇದ್ದರೂ ಪ್ಲೇಟಿಗೆ ಹೆಚ್ಚು ಬೀಳುತ್ತದೆ. ಹಿಂಡಿ, ಇಡೀ ಪ್ಲೇಟಿಗೆ ಒಮ್ಮೆ ಎಳೆದು, 60 ಡಿಗ್ರಿಯಂತೆ ಎರಡು ಸಲ ತಿರುಗಿಸಿ ಮತ್ತೆ ಎಳೆಯಿರಿ, ಕೊನೆಗೆ ಅಂಚಿನ ಸುತ್ತ ಒಮ್ಮೆ.

ಎಲ್ಲ ಡಿಸ್ಕುಗಳೂ ಒಂದೇ ಫ್ರಿಜ್ಜಿನಲ್ಲಿದ್ದು ಆ ಫ್ರಿಜ್ಜೇ ಕೆಟ್ಟಿದ್ದರೆ ಎಲ್ಲವೂ ಚಿಕ್ಕದಾಗಬಹುದು ನಿಜ. ಆಗಲೂ ಎಲ್ಲ ಔಷಧ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಇಮಿಪೆನೆಮ್, ಕ್ಲಾವುಲನೇಟ್ ಮೊದಲು ಮುಗ್ಗರಿಸುತ್ತವೆ, ಜೆಂಟಾಮೈಸಿನ್ ಬಹಳ ದಿನ ತಾಳುತ್ತದೆ. ಎಲ್ಲವೂ ಸಮನಾಗಿ ಎರಡು ಮೂರು ಮಿ.ಮೀ. ಇಳಿದಿದ್ದರೆ ಡಿಸ್ಕ್ ಬಿಟ್ಟು ಅಗರ್ ಅಳೆಯಿರಿ.

ಒಂದು ಗುಂಪು ಮಾತ್ರ ಸರಿದರೆ: ಮಾಧ್ಯಮದ ದೋಷ

ಜೆಂಟಾಮೈಸಿನ್, ಸಿಪ್ರೊ, ಎರಿಥ್ರೊಮೈಸಿನ್ ಚಿಕ್ಕದಾಗಿ, ಅದೇ ಹೊತ್ತಿಗೆ ಟೆಟ್ರಾಸೈಕ್ಲಿನ್ ದೊಡ್ಡದಾಗಿದ್ದರೆ ಮತ್ತೇನೂ ಯೋಚಿಸದೆ ಪಿಎಚ್ ನೋಡಿ. ಅಗರ್ ಹುಳಿಯಾಗಿದೆ. ಉಲ್ಟಾ ಚಿತ್ರ ಕಂಡರೆ ಕ್ಷಾರವಾಗಿದೆ. ಗಟ್ಟಿಯಾದ ಮೇಲೆ, ಕೋಣೆಯ ಶಾಖದಲ್ಲಿ 7.2ರಿಂದ 7.4 ಇರಬೇಕು. ಬಿಸಿ ದ್ರವದಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ, ಲಿಟ್ಮಸ್ ಜಾತಿಯ ಕಾಗದವೂ ಸಾಲದು. ಒಂದು ತುಂಡು ಅಗರನ್ನು ಸ್ವಲ್ಪ ಡಿಸ್ಟಿಲ್ಡ್ ನೀರಿನಲ್ಲಿ ಜಜ್ಜಿ ಅದರಲ್ಲಿ ಎಲೆಕ್ಟ್ರೋಡ್ ಇಳಿಸಿ. ಪಿಎಚ್ ಸರಿಯಿದ್ದೂ ಇದೇ ಚಿತ್ರ ಬಂದರೆ ಪ್ಲೇಟುಗಳನ್ನು ಕಾರ್ಬನ್ ಡಯಾಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲೋ ಕ್ಯಾಂಡಲ್ ಜಾರಿನಲ್ಲೋ ಇಟ್ಟರೇ ಎಂದು ವಿಚಾರಿಸಿ. ಆ ಅನಿಲ ಅಗರಿನ ಮೇಲ್ಮೈಯನ್ನು ಹುಳಿ ಮಾಡುತ್ತದೆ. ಇ. ಕೋಲೈ, ಸ್ಟೆಫೈಲೊಕಾಕಸ್, ಸ್ಯೂಡೊಮೊನಾಸಿಗೆ ಬರಿ ಗಾಳಿ ಸಾಕು.

ಇ. ಕೋಲೈ ಸರಿಯಾಗಿದ್ದು, ಸ್ಯೂಡೊಮೊನಾಸ್ 27853ರ ಜೆಂಟಾಮೈಸಿನ್ ಮಾತ್ರ ಕುಗ್ಗಿದ್ದರೆ ಮಾಧ್ಯಮದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿದೆ. ಪುಡಿಯ ಬ್ಯಾಚ್ ಕಾರಣ ಇರಬಹುದು, ಆದರೆ ನಮ್ಮ ಕಡೆ ಮೊದಲು ನೀರನ್ನು ನೋಡಬೇಕು. ಅಘನಾಶಿನಿ, ಶರಾವತಿ, ಕಾಳಿ, ಗಂಗಾವಳಿಯ ಅಳಿವೆಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪುನೀರು ನುಗ್ಗುತ್ತದೆ. ಅಂಥ ನೀರನ್ನು ಡಿಸ್ಟಿಲರಿಗೆ ಹಾಕಿದರೆ ಹೊಟ್ಟೆಯಲ್ಲಿ ಕರೆ ಕಟ್ಟಿ, ಕುದಿಯುವಾಗ ಹನಿ ಹಾರಿ ಆಚೆ ಬೀಳುತ್ತದೆ. ಟಿಡಿಎಸ್ ಮೀಟರ್ ಹಿಡಿದಾಗ ಡಿಸ್ಟಿಲ್ಡ್ ನೀರು ಹೆಚ್ಚುಕಡಿಮೆ ಸೊನ್ನೆಯ ಹತ್ತಿರ ಇರಬೇಕು. ಹತ್ತು ಇಪ್ಪತ್ತು ತೋರಿಸಿದರೆ ಕರೆ ತೆಗೆಸಿ. ಅವಸರಕ್ಕೆ ಅಂಗಡಿಯ ಕ್ಯಾನ್ ನೀರು ಅಥವಾ ಇನ್ವರ್ಟರ್ ಬ್ಯಾಟರಿಯ ನೀರಿನಲ್ಲಿ ಅಗರ್ ಮಾಡುವುದು ಬೇಡ. ಕ್ಯಾನ್ ನೀರಿಗೆ ರುಚಿಗಾಗಿ ಖನಿಜ ಸೇರಿಸಿರುವುದೂ ಉಂಟು.

ಕೋಟ್ರೈಮೊಕ್ಸಜೋಲ್ ಒಂದೇ ಮಸುಕಾಗಿ, ಝೋನಿನೊಳಗೆಲ್ಲ ತೆಳು ಪೊರೆ ಬಂದರೆ ಮಾಧ್ಯಮದಲ್ಲಿ ಆ ಔಷಧದ ಕೆಲಸ ಕೆಡಿಸುವ ಥೈಮಿಡಿನ್ ಎಂಬ ವಸ್ತು ಇದೆ. ಎಂಟೆರೊಕಾಕಸ್ ಫೀಕಾಲಿಸ್ 29212 ಹಾಕಿ ನೋಡಿ: 20 ಮಿ.ಮೀ. ಅಥವಾ ಹೆಚ್ಚಿನ ಸ್ವಚ್ಛ ಝೋನ್ ಬಂದರೆ ಮಾಧ್ಯಮ ಒಳ್ಳೆಯದು. ಬರದಿದ್ದರೆ ಆ ಲಾಟ್ ವಾಪಸ್ ಕೊಡಿ, ಅದನ್ನು ರಿಪೇರಿ ಮಾಡುವ ದಾರಿ ಇಲ್ಲ.

ಪುಡಿಯ ಬಗ್ಗೆ ಒಂದು ಮಾತು. ಮ್ಯುಲ್ಲರ್–ಹಿಂಟನ್ ಪುಡಿ ಲೀಟರಿಗೆ 38 ಗ್ರಾಂ. ಕರಾವಳಿಯ ಗಾಳಿಗೆ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಆಮೇಲೆ ನೀವು ತೂಗುವ 38 ಗ್ರಾಮಿನಲ್ಲಿ ನೀರೂ ಸೇರಿರುತ್ತದೆ, ಅಗರ್ ಮೆತ್ತಗಾಗುತ್ತದೆ. ಅರ್ಧ ಕಿಲೋ ಡಬ್ಬಿಯನ್ನೇ ವರ್ಷವಿಡೀ ತೆರೆಯುವ ಬದಲು 100 ಗ್ರಾಮಿನವು ತರಿಸುವುದು ಜಾಣತನ, ದರ ಸ್ವಲ್ಪ ಹೆಚ್ಚಾದರೂ. ಶಿರಸಿಯವರಿಗೆ ಇನ್ನೊಂದು ಸೂಕ್ಷ್ಮ: ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ ಆಟೋಕ್ಲೇವಿನ ಮುಳ್ಳು 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ ಪೂರ್ತಿ ಮುಟ್ಟಿರುವುದಿಲ್ಲ. ಸುಮಾರು 16 ಪೌಂಡ್ ಬೇಕು. ಕಾರವಾರದ ಕೈಪಿಡಿಯನ್ನು ಹಾಗೇ ಎತ್ತಿಕೊಂಡರೆ ಝೋನ್ ತಪ್ಪುವುದಿಲ್ಲ, ಪ್ಲೇಟಿನಲ್ಲಿ ಬೇಡದ್ದು ಬೆಳೆಯಬಹುದು, ಅಷ್ಟೇ.

ಒಂದೇ ಔಷಧ ತಪ್ಪಿದರೆ: ಈಗ ಡಿಸ್ಕನ್ನು ಹಿಡಿಯಿರಿ

ಡಿಸ್ಕ್ ಡಬ್ಬಿಗಳು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಸ್ ಪಾರ್ಸೆಲ್ಲಿನಲ್ಲಿ, ಎಪ್ರಿಲ್ ಬಿಸಿಲಿಗೆ ಅರಬೈಲು ಘಟ್ಟ ಇಳಿದು ಬರುತ್ತವೆ. ಪೆಟ್ಟಿಗೆಯೊಳಗಿನ ಐಸ್ ಜೆಲ್ ಮುಟ್ಟಿದಾಗ ಬಿಸಿಯಾಗಿದ್ದರೆ ಅಲ್ಲೇ ಫೋಟೊ ತೆಗೆದು ತಿರುಗಿಸಿ ಕಳಿಸಿ. ಪೆಟ್ಟಿಗೆ ತಣ್ಣಗಿದ್ದರೂ ಹೊಸ ಲಾಟಿನ ಡಿಸ್ಕನ್ನು ಕಂಟ್ರೋಲ್ ಹಾಕಿ ನೋಡದೆ ರೋಗಿಗೆ ಬಳಸಬಾರದು.

ಬೀಟಾಲ್ಯಾಕ್ಟಂ (ಪೆನಿಸಿಲಿನ್, ಸೆಫಲೋಸ್ಪೊರಿನ್, ಇಮಿಪೆನೆಮ್ ಸೇರಿದ ಗುಂಪು) ಡಿಸ್ಕುಗಳು ಫ್ರೀಜರಿನಲ್ಲಿ, ಮೈನಸ್ 14 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇರಬೇಕು. ವಾರಕ್ಕೆ ಬೇಕಾದಷ್ಟನ್ನು ಮಾತ್ರ ಕೆಳಗಿನ ಫ್ರಿಜ್ಜಿಗೆ ತನ್ನಿ. ತಾನೇ ಮಂಜು ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರೀಜರ್ ಈ ಕೆಲಸಕ್ಕೆ ಆಗದು, ಅದು ದಿನವೂ ಬಿಸಿ ಏರಿಸಿ ಇಳಿಸುತ್ತದೆ. ರಾತ್ರಿ ಕರೆಂಟ್ ಹೋಗಿ ಫ್ರೀಜರ್ ಕರಗಿತ್ತೇ ಎಂದು ತಿಳಿಯಲು ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ನಾಣ್ಯ ಇಡಿ. ನಾಣ್ಯ ಮುಳುಗಿದ್ದರೆ ಕರಗಿ ಮತ್ತೆ ಹೆಪ್ಪುಗಟ್ಟಿದೆ.

ತೆಗೆದ ಡಬ್ಬಿಯನ್ನು ಮುಚ್ಚಳ ತೆರೆಯದೆ ಒಂದೆರಡು ಗಂಟೆ ಕೋಣೆಯ ಶಾಖಕ್ಕೆ ಬರಲು ಬಿಡಿ. ಆಷಾಢದ ಗಾಳಿಯಲ್ಲಿ ತಣ್ಣನೆಯ ಡಬ್ಬಿ ತೆರೆದರೆ ಡಿಸ್ಕಿನ ಮೇಲೆ ಕ್ಷಣದಲ್ಲಿ ಹನಿ ಕೂರುತ್ತದೆ. ಕ್ಲಾವುಲನೇಟಿಗೆ ತೇವವೇ ಶತ್ರು. ಸಿಲಿಕಾ ಜೆಲ್ಲಿನ ಬಣ್ಣ ಬದಲಾಗಿದ್ದರೆ ಕಾಯಿಸಿ ಮತ್ತೆ ಬಳಸಿ ಅಥವಾ ಬದಲಿಸಿ.

ಈ ಕ್ಲಾವುಲನೇಟಿನ ದೋಷ ಮೋಸಗಾರ. ಅಮಾಕ್ಸಿಕ್ಲಾವ್ ಡಿಸ್ಕಿನಲ್ಲಿ ಕ್ಲಾವುಲನೇಟ್ ಸತ್ತು ಅಮಾಕ್ಸಿಸಿಲಿನ್ ಮಾತ್ರ ಉಳಿದಿದ್ದರೂ ಇ. ಕೋಲೈ 25922ರಲ್ಲಿ ಝೋನ್ ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಆ ಸ್ಟ್ರೇನ್ ಬೀಟಾಲ್ಯಾಕ್ಟಮೇಸ್ (ಅಮಾಕ್ಸಿಸಿಲಿನ್ನನ್ನು ಒಡೆಯುವ ಕಿಣ್ವ, ಕ್ಲಾವುಲನೇಟ್ ತಡೆಯುವುದು ಇದನ್ನೇ) ಮಾಡುವುದೇ ಇಲ್ಲ, ಅದನ್ನು ಕೊಲ್ಲಲು ಅಮಾಕ್ಸಿಸಿಲಿನ್ ಒಂದೇ ಸಾಕು. ಹಿಡಿಯಬೇಕಾದರೆ ಇ. ಕೋಲೈ 35218 ಬೇಕು. ಅದರಲ್ಲಿ ಅಮಾಕ್ಸಿಕ್ಲಾವ್ 17ರಿಂದ 22 ಬರಬೇಕು, ಆಂಪಿಸಿಲಿನ್ ಸುತ್ತ ಝೋನೇ ಇರಬಾರದು, ಅಂದರೆ ಡಿಸ್ಕಿನ ಅಗಲ 6 ಮಿ.ಮೀ. ಮಾತ್ರ. ಅಮಾಕ್ಸಿಕ್ಲಾವ್ ಕುಗ್ಗಿದರೆ ಡಿಸ್ಕ್ ಕೆಟ್ಟಿದೆ. ಆಂಪಿಸಿಲಿನ್ ಸುತ್ತ ಝೋನ್ ಕಂಡರೆ ಸ್ಟ್ರೇನ್ ನಿರೋಧದ ಜೀನ್ ಹೊತ್ತ ತನ್ನ ಪ್ಲಾಸ್ಮಿಡ್ ಕಳೆದುಕೊಂಡಿದೆ, ಅದನ್ನು ಬಿಸಾಡಿ ಮೂಲ ಸ್ಟಾಕಿನಿಂದ ಹೊಸದು ತೆಗೆಯಿರಿ. ಇಎಸ್‌ಬಿಎಲ್ (ಸೆಫಲೋಸ್ಪೊರಿನ್‌ಗಳನ್ನೂ ಒಡೆಯುವ ಬೀಟಾಲ್ಯಾಕ್ಟಮೇಸ್) ಪರೀಕ್ಷೆಗೆ ಬಳಸುವ ಕ್ಲೆಬ್ಸಿಯೆಲ್ಲಾ 700603ರದ್ದೂ ಇದೇ ಕಥೆ: ಸೆಫ್ಟಾಜಿಡಿಮ್ ಒಂದೇ ಇದ್ದಾಗಿನ ಝೋನಿಗಿಂತ ಕ್ಲಾವುಲನೇಟ್ ಸೇರಿದ ಡಿಸ್ಕಿನ ಝೋನ್ ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕು. ಹೆಚ್ಚದಿದ್ದರೆ ಆ ವಾರ "ಇಎಸ್‌ಬಿಎಲ್ ಇಲ್ಲ" ಎಂದು ಕೊಟ್ಟ ರಿಪೋರ್ಟುಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ.

ಒಂದೇ ಉಂಗುರದಲ್ಲಿ ಏಳೆಂಟು ಔಷಧ ಕಟ್ಟಿಕೊಂಡು ಬರುವ ಮಲ್ಟಿ ಡಿಸ್ಕುಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಝೋನ್‌ಗಳು ಒಂದರ ಮೇಲೊಂದು ಬೀಳುತ್ತವೆ, ಬೇಡದ ಔಷಧವೂ ಪಟ್ಟಿಗೆ ಸೇರುತ್ತದೆ. ಬಿಡಿ ಡಿಸ್ಕುಗಳನ್ನು ನಡುವಿನಿಂದ ನಡುವಿಗೆ 24 ಮಿ.ಮೀ. ಬಿಟ್ಟು, 100 ಮಿ.ಮೀ. ಪ್ಲೇಟಿಗೆ ಐದು, 150 ಮಿ.ಮೀ.ಗೆ ಹನ್ನೆರಡಕ್ಕೆ ಮೀರದಂತೆ ಇಡಿ. ಇಟ್ಟ ಡಿಸ್ಕನ್ನು ಸರಿಸಬೇಡಿ; ಮುಟ್ಟಿದ ಕ್ಷಣದಿಂದಲೇ ಔಷಧ ಇಳಿಯಲು ಶುರುವಾಗಿರುತ್ತದೆ.

ಮಳೆಗಾಲದ ಪ್ಲೇಟು

ಹಪ್ಪಳ ಒಣಗದ ದಿನ ಪ್ಲೇಟೂ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಲ್ಯಾಬುಗಳಲ್ಲಿ ಝೋನಿನ ಆಕಾರ ಕೆಡಲು ಮುಖ್ಯ ಕಾರಣ ಅಗರಿನ ಮೇಲಿನ ನೀರು. ಚಿಹ್ನೆಗಳು ಗುರುತಿಸುವುದು ಸುಲಭ: ಝೋನ್ ದುಂಡಗಿರದೆ ಒಂದು ಕಡೆಗೆ ಬಾಲ ಬಿಟ್ಟಿರುತ್ತದೆ, ಅಂಚು ಕರಗಿದಂತೆ ಇರುತ್ತದೆ, ಲಾನಿನಲ್ಲಿ ಹರಿದ ಗುರುತು, ಡಿಸ್ಕ್ ಜಾರಿದ ಜಾಡು. ಅಂಥ ಝೋನಿನ ಉದ್ದ ಅಗಲ ಅಳೆದು ಸರಾಸರಿ ತೆಗೆಯುವವರಿದ್ದಾರೆ. ಅದು ಅಳತೆಯಲ್ಲ, ಊಹೆ.

ಪ್ಲೇಟುಗಳನ್ನು ಫ್ರಿಜ್ಜಿನಿಂದ ತೆಗೆದ ಮೇಲೆ 35 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ, ಮುಚ್ಚಳ ಸ್ವಲ್ಪ ಸರಿಸಿ, 10ರಿಂದ 30 ನಿಮಿಷ ಒಣಗಿಸಬೇಕು. ಜಡಿಮಳೆಯ ದಿನ ಅರ್ಧ ಗಂಟೆಗೂ ಸಾಲದಿದ್ದರೆ ಗಡಿಯಾರ ನೋಡದೆ ಪ್ಲೇಟು ನೋಡಿ: ಮೇಲ್ಮೈ ಒದ್ದೆ ಹೊಳಪು ಬಿಟ್ಟಿರಬೇಕು, ಮುಚ್ಚಳದಲ್ಲಿ ಹನಿ ಇರಬಾರದು. ಆದರೆ ಅಗರ್ ಅಂಚು ಬಿಟ್ಟುಕೊಳ್ಳುವಷ್ಟು ಒಣಗಿಸಿದರೆ ದಪ್ಪವೇ ಕಡಿಮೆಯಾಗುತ್ತದೆ. ಸ್ವಾಬ್ ಮಾಡಿದ ಮೇಲೆ ತೇವ ಹೀರಲು 3ರಿಂದ 5 ನಿಮಿಷ ಬಿಡಿ, 15 ದಾಟಬೇಡಿ. ಅಗರನ್ನು 45ರಿಂದ 50 ಡಿಗ್ರಿಗೆ ಆರಿಸಿ ಸುರಿದರೆ ಮುಚ್ಚಳದ ಹನಿ ಅರ್ಧಕ್ಕರ್ಧ ಕಡಿಮೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತದ ಪ್ಲೇಟುಗಳನ್ನು ಏಳು ದಿನದೊಳಗೆ ಮುಗಿಸಿ.

ಬೇಸಿಗೆಯ ಇನ್‌ಕ್ಯುಬೇಟರ್

ಇದು ಕರಾವಳಿಯ ಸಮಸ್ಯೆ, ಶಿರಸಿಯಲ್ಲಿ ಅಪರೂಪ. ಸಾದಾ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಗೊತ್ತು, ತಣ್ಣಗೆ ಮಾಡಲು ಗೊತ್ತಿಲ್ಲ. ಎಪ್ರಿಲ್–ಮೇ ತಿಂಗಳಲ್ಲಿ ಅಂಕೋಲೆಯ ತಗಡಿನ ಮಾಡಿನ ಕೆಳಗಿನ ಕೋಣೆಯೇ 34–35 ಮುಟ್ಟಿದರೆ, ಗುಂಡಿ 35ಕ್ಕೆ ಇದ್ದರೂ ಒಳಗೆ 37–38 ಏರುತ್ತದೆ. ಇ. ಕೋಲೈ ಕಂಟ್ರೋಲ್ ಇದನ್ನು ಹಿಡಿದುಕೊಡದೇ ಇರಬಹುದು. ಏಟು ಬೀಳುವುದು ಎಂಆರ್‌ಎಸ್‌ಎ (ಮೆಥಿಸಿಲಿನ್ ನಿರೋಧ ಇರುವ ಸ್ಟೆಫೈಲೊಕಾಕಸ್ ಆರಿಯಸ್) ಪರೀಕ್ಷೆಗೆ: 35 ಡಿಗ್ರಿ ಮೀರಿದರೆ ಸ್ಟೆಫೈಲೊಕಾಕಸ್ ತನ್ನ ಮೆಥಿಸಿಲಿನ್ ನಿರೋಧವನ್ನು ಸರಿಯಾಗಿ ತೋರಿಸದೆ ಇರಬಹುದು. ಸೆಫಾಕ್ಸಿಟಿನ್ 30 ಮೈಕ್ರೋಗ್ರಾಮಿಗೆ 21 ಅಥವಾ ಕಡಿಮೆ ನಿರೋಧ, 22 ಅಥವಾ ಹೆಚ್ಚು ಸೆನ್ಸಿಟಿವ್. ನಡುವೆ ಜಾಗವೇ ಇಲ್ಲದ ಈ ಗೆರೆಯಲ್ಲಿ ಒಂದು ಮಿ.ಮೀ. ಇಡೀ ಚಿಕಿತ್ಸೆಯನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಎಂಆರ್‌ಎಸ್‌ಎ ಏಕಾಏಕಿ ಕಡಿಮೆಯಾದರೆ ಸಂತೋಷಪಡುವ ಮೊದಲು ಥರ್ಮಾಮೀಟರ್ ನೋಡಿ. ತಂಪು ಮಾಡುವ ಬಿಓಡಿ ಇನ್‌ಕ್ಯುಬೇಟರ್ ಇದ್ದರೆ ಅದಕ್ಕೆ ವರ್ಗಾಯಿಸಿ, ಇಲ್ಲದಿದ್ದರೆ ಇನ್‌ಕ್ಯುಬೇಟರನ್ನೇ ಎಸಿ ಕೋಣೆಗೆ ತನ್ನಿ. ಐದಕ್ಕಿಂತ ಹೆಚ್ಚು ಪ್ಲೇಟು ಒಂದರ ಮೇಲೊಂದು ಪೇರಿಸಬೇಡಿ, ನಡುವಿನವು ಬಿಸಿಯಾಗುವುದು ತಡ. ಹೊತ್ತು 16ರಿಂದ 18 ಗಂಟೆ. ಎಂಟೆರೊಕಾಕಸಿನ ವ್ಯಾಂಕೊಮೈಸಿನ್ ಪರೀಕ್ಷೆಗೆ ಪೂರ್ತಿ 24.

ಓದುವಾಗಿನ ತಪ್ಪು

ಪ್ಲೇಟಿನ ಹಿಂಬದಿಯಿಂದ, ಕಪ್ಪು ಹಿನ್ನೆಲೆಯಲ್ಲಿ, ಎದುರು ಬೆಳಕಿನಲ್ಲಿ ಅಳೆಯಿರಿ. ಲೈನೆಜೋಲಿಡ್ ಮತ್ತು ವ್ಯಾಂಕೊಮೈಸಿನ್ ಮಾತ್ರ ಬೆಳಕಿಗೆ ಎತ್ತಿ ಹಿಡಿದು. ಪ್ರೋಟಿಯಸ್ ಝೋನಿನೊಳಗೆ ನುಸುಳಿದ ತೆಳು ಪೊರೆಯನ್ನು ಬಿಡಿ. ಕೋಟ್ರೈಮೊಕ್ಸಜೋಲಿನಲ್ಲಿ ಶೇ. 20ಕ್ಕಿಂತ ಕಡಿಮೆಯ ಮಬ್ಬು ಬೆಳವಣಿಗೆಯನ್ನು ಬಿಟ್ಟು, ದಟ್ಟ ಅಂಚಿಗೆ ಅಳೆಯಿರಿ. ಬೇರೆ ಔಷಧಗಳಲ್ಲಿ ಝೋನಿನೊಳಗೆ ಒಂಟಿ ಕಾಲನಿಗಳಿದ್ದರೆ ಬಿಡುವಂತಿಲ್ಲ: ಅವನ್ನು ಎತ್ತಿ ಶುದ್ಧ ಮಾಡಿ, ಗುರುತಿಸಿ, ಮತ್ತೆ ಹಾಕಿ. ಮಿಶ್ರ ಕಲ್ಚರ್ ಇರಬಹುದು, ನಿರೋಧ ಇರುವ ಉಪಗುಂಪೂ ಇರಬಹುದು.

ಅಳತೆ ಸರಿಯಿದ್ದೂ ಅರ್ಥ ತಪ್ಪಬಹುದು. ಸಿಪ್ರೊ 23 ಮಿ.ಮೀ. ಬಂದ ಇ. ಕೋಲೈ ಹಳೇ ಪಟ್ಟಿಯಲ್ಲಿ ಸೆನ್ಸಿಟಿವ್; 2019ರಿಂದ ಸೆನ್ಸಿಟಿವ್ ಎನ್ನಲು 26 ಬೇಕು, 23 ನಡುವಿನ ವರ್ಗ. ಸಾಲ್ಮೊನೆಲ್ಲಾಕ್ಕೆ ಗೆರೆ ಇನ್ನೂ ಮೇಲೆ, 31.

ಕಂಟ್ರೋಲ್ ಸರಿಯಿದ್ದೂ ಫಲಿತಾಂಶ ವಿಚಿತ್ರವಾಗಿದ್ದರೆ

ಆಂಪಿಸಿಲಿನ್‌ಗೆ ಸೆನ್ಸಿಟಿವ್ ಆದ ಕ್ಲೆಬ್ಸಿಯೆಲ್ಲಾ, ಸೆಫಲೋಸ್ಪೊರಿನ್‌ಗೆ ಸೆನ್ಸಿಟಿವ್ ಆದ ಎಂಟೆರೊಕಾಕಸ್, ಇಮಿಪೆನೆಮ್‌ಗೆ ನಿರೋಧ ಇದ್ದೂ ಆಂಪಿಸಿಲಿನ್‌ಗೆ ಸೆನ್ಸಿಟಿವ್ ಆದ ಇ. ಕೋಲೈ — ಇವು ಬಂದರೆ ಹೆಸರು ತಪ್ಪಿದೆ, ಕಲ್ಚರ್ ಬೆರೆತಿದೆ ಅಥವಾ ಡಿಸ್ಕ್ ಅದಲುಬದಲಾಗಿದೆ. ಮೀನುಮುಳ್ಳು ಚುಚ್ಚಿದ ಗಾಯದಿಂದ ಬಂದ ಆಕ್ಸಿಡೇಸ್ ಪಾಸಿಟಿವ್ ಗ್ರಾಂ ನೆಗೆಟಿವ್ ಇದ್ದರೆ ವಿಬ್ರಿಯೊ ನೆನಪಿರಲಿ. ಅದರ ಸಸ್ಪೆನ್ಷನ್ನನ್ನು ಶೇ. 0.85ರ ಸಲೈನಿನಲ್ಲೇ ಮಾಡಿ, ಬರಿ ನೀರಿನಲ್ಲಿ ಕೋಶಗಳು ಒಡೆಯುತ್ತವೆ.

ಇಲ್ಲಿ ಒಂದು ವಿನ್ಯಾಸವನ್ನು ಪ್ರತಿಯೊಬ್ಬ ಟೆಕ್ನೀಷಿಯನ್ನೂ ಬಾಯಿಪಾಠ ಮಾಡಿರಬೇಕು. ಮಳೆಗಾಲ, ಸಕ್ಕರೆ ಕಾಯಿಲೆ ಇರುವ ರೋಗಿ, ಗದ್ದೆ ಕೆಲಸ, ರಕ್ತದಿಂದಲೋ ಕೀವಿನಿಂದಲೋ ಬಂದ ಆಕ್ಸಿಡೇಸ್ ಪಾಸಿಟಿವ್ ಗ್ರಾಂ ನೆಗೆಟಿವ್ ಕಡ್ಡಿ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ನಿರೋಧ, ಅಮಾಕ್ಸಿಕ್ಲಾವ್‌ಗೆ ಸೆನ್ಸಿಟಿವ್. ಸ್ಯೂಡೊಮೊನಾಸ್ ಹೀಗಿರುವುದಿಲ್ಲ. ಇದು ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬರ್ಕ್‌ಹೋಲ್ಡೇರಿಯ ಸ್ಯೂಡೊಮಲ್ಲೈ ಇರಬಹುದು. ದೋಷ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ಪ್ಲೇಟು ಮೂಸಬೇಡಿ, ತೆರೆದ ಮೇಜಿನ ಮೇಲೆ ಮತ್ತೆ ಸಸ್ಪೆನ್ಷನ್ ಮಾಡಬೇಡಿ, ಪ್ಲೇಟುಗಳನ್ನು ಟೇಪ್ ಸುತ್ತಿ ಸೀಲ್ ಮಾಡಿ ಬಯೋಸೇಫ್ಟಿ ಕ್ಯಾಬಿನೆಟ್ಟಿಗೆ ಒಯ್ಯಿರಿ, ಡಾಕ್ಟರಿಗೆ ಆಗಲೇ ಫೋನ್ ಮಾಡಿ, ಖಚಿತಪಡಿಸಲು ರೆಫರಲ್ ಲ್ಯಾಬಿಗೆ ಕಳಿಸಿ. "ಸ್ಯೂಡೊಮೊನಾಸ್ ಜಾತಿ, ಬಹುಶಃ ಕಂಟಾಮಿನೇಶನ್" ಎಂದು ಬರೆದು ಕೈತೊಳೆದುಕೊಂಡರೆ ರೋಗಿಗೆ ತಪ್ಪು ಔಷಧ ಹೋಗುತ್ತದೆ.

ಕೊಲಿಸ್ಟಿನ್ ಡಿಸ್ಕನ್ನು ಅಂಥ ಸುಳಿವಿಗಷ್ಟೇ ಇಟ್ಟುಕೊಳ್ಳಿ. ಅದರ ಝೋನ್ ನೋಡಿ ಸೆನ್ಸಿಟಿವ್ ಎಂದು ರಿಪೋರ್ಟ್ ಮಾಡುವಂತಿಲ್ಲ. ದೊಡ್ಡ ಅಣುವಾದ್ದರಿಂದ ಅಗರಿನಲ್ಲಿ ಸರಿಯಾಗಿ ಹರಡುವುದೇ ಇಲ್ಲ, ಔಷಧವನ್ನು ದ್ರವ ಮಾಧ್ಯಮದಲ್ಲಿ ಹಂತಹಂತವಾಗಿ ತೆಳುಮಾಡಿ ನೋಡುವ ಬ್ರಾತ್ ಮೈಕ್ರೊಡೈಲ್ಯೂಷನ್ ಬೇಕು. ಸ್ಟೆಫೈಲೊಕಾಕಸಿನ ವ್ಯಾಂಕೊಮೈಸಿನ್ನಿಗೂ ಡಿಸ್ಕ್ ಸಲ್ಲದು.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅಗರ್, ಡಿಸ್ಕ್, ಸ್ಟ್ಯಾಂಡರ್ಡ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಝೋನ್ ಸರಿಹೋಗಬಹುದು, ಕಾರಣ ಸಿಗುವುದಿಲ್ಲ, ಮುಂದಿನ ತಿಂಗಳು ಮತ್ತೆ ಬರುತ್ತದೆ. ತಪ್ಪು ಕಣ್ಣಿಗೆ ಕಾಣುವಂಥದ್ದಾಗಿದ್ದರೆ, ಅಂದರೆ ಬೇರೆ ಡಿಸ್ಕ್ ಇಟ್ಟದ್ದು, ಬೇರೆ ಸ್ಟ್ರೇನ್ ಹಾಕಿದ್ದು, ಅದನ್ನು ತಿದ್ದಿ ಅದೇ ದಿನ ಮತ್ತೆ ಹಾಕಿ. ಮಿತಿಯೊಳಗೆ ಬಂದರೆ ಸಾಕು. ಕಾರಣ ಕಾಣದಿದ್ದರೂ ಅದೇ ದಿನ ಮತ್ತೆ ಹಾಕಿ, ಆದರೆ ಒಳಗೆ ಬಂತೆಂದು ಬಿಡದೆ ಮುಂದೆ ಐದು ಪರೀಕ್ಷಾ ದಿನ ಆ ಔಷಧ–ಸ್ಟ್ರೇನ್ ಜೋಡಿಯನ್ನು ದಿನವೂ ನೋಡಿ. ಐದೂ ಒಳಗಿದ್ದರೆ ವಾರದ ಕಂಟ್ರೋಲಿಗೆ ಮರಳಬಹುದು. ಒಂದು ಹೊರಗೆ ಬಿದ್ದರೂ ಮತ್ತೆ ಮೊದಲಿನಿಂದ ಹುಡುಕಬೇಕು.

ಅಲ್ಲಿಯವರೆಗೆ ಆ ಒಂದು ಔಷಧವನ್ನು ಮಾತ್ರ ರಿಪೋರ್ಟಿನಿಂದ ತಡೆಹಿಡಿಯಿರಿ, ಇಡೀ ರಿಪೋರ್ಟನ್ನಲ್ಲ. ಕೊನೆಯ ಸರಿಯಾದ ಕಂಟ್ರೋಲಿನ ನಂತರ ಹೊರಹೋದ ರಿಪೋರ್ಟುಗಳನ್ನು ಪಟ್ಟಿ ಮಾಡಿ, ತಪ್ಪಿನ ದಿಕ್ಕು ಝೋನ್ ಹಿಗ್ಗಿಸುವಂಥದ್ದಾಗಿದ್ದರೆ ಸೆನ್ಸಿಟಿವ್ ಎಂದು ಕೊಟ್ಟವನ್ನು, ಕುಗ್ಗಿಸುವಂಥದ್ದಾಗಿದ್ದರೆ ನಿರೋಧ ಎಂದು ಕೊಟ್ಟವನ್ನು ಇಟ್ಟುಕೊಂಡ ಕಲ್ಚರಿನಿಂದ ಮತ್ತೆ ಪರೀಕ್ಷಿಸಿ. ಇದಕ್ಕಾಗಿಯೇ ರಕ್ತದ ಮತ್ತು ಮೆದುಳಿನ ದ್ರವದ ಕಲ್ಚರುಗಳನ್ನು ಫಲಿತಾಂಶ ಕೊಟ್ಟ ಕೂಡಲೇ ಆಟೋಕ್ಲೇವಿಗೆ ಹಾಕದೆ, ಮುಂದಿನ ಕಂಟ್ರೋಲ್ ಸರಿ ಬರುವವರೆಗೆ ಸ್ಲಾಂಟಿನಲ್ಲಿ ಉಳಿಸಿಕೊಳ್ಳಬೇಕು. ಫಲಿತಾಂಶ ಬದಲಾದರೆ ತಿದ್ದಿದ ರಿಪೋರ್ಟನ್ನು ಟಪಾಲಿಗೆ ಹಾಕಿ ಕಾಯಬೇಡಿ, ವಾರ್ಡಿಗೆ ಫೋನ್ ಮಾಡಿ ಹೇಳಿ, ಯಾರಿಗೆ ಎಷ್ಟು ಗಂಟೆಗೆ ಹೇಳಿದ್ದು ಎಂದು ರಿಜಿಸ್ಟರಿನಲ್ಲಿ ಬರೆದಿಡಿ.